ಸೇಬಿನ ತೋಟದಲ್ಲಿ ಜೋಡಿ ಔಷಧದ ಅಂಗಡಿಯವ

ರಾಣೆಬೆನ್ನೂರು

ನಾನು ಜರ್ಮನಿಗೆ ಹೋದದ್ದು ವಿಷ ಮಾರಿದ್ದಕ್ಕೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವಿದೇಶಕ್ಕೆ ಹೋಗಿ ಬಂದವರು ಬರೆಯಲು ಕೂತರೆ ಆಹ್ವಾನ, ಸಂಕಿರಣ, ಸನ್ಮಾನ ಎಂದೆಲ್ಲ ಶುರು ಮಾಡುತ್ತಾರೆ. ನನ್ನದು ಅಂಥದ್ದೇನೂ ಅಲ್ಲ. ರಾಣೆಬೆನ್ನೂರಿನಲ್ಲಿ ನನ್ನದೊಂದು ಬೀಜ, ಗೊಬ್ಬರ, ಔಷಧದ ಅಂಗಡಿ ಇದೆ. ನಮ್ಮ ಧಂದೆಯಲ್ಲಿ ವರ್ಷಕ್ಕೆ ಹೆಚ್ಚು ಮಾಲು ಹೊರಗೆ ಹಾಕಿದವನನ್ನು ಕಂಪನಿಯವರು ಫಾರಿನ್ನಿಗೆ ಕರೆದೊಯ್ಯುತ್ತಾರೆ. ಸಾಮಾನ್ಯವಾಗಿ ಅದು ಬ್ಯಾಂಕಾಕ್. ಈ ಸಲ ಕಂಪನಿಗೆ ಜೈವಿಕದ ಹುಚ್ಚು ಹಿಡಿದಿತ್ತು. ಹಣ್ಣಿನ ಗಿಡದ ಹುಳವನ್ನು ಇನ್ನೊಂದು ಹುಳದ ಕೈಯಿಂದ ಕೊಲ್ಲಿಸುವುದನ್ನು ತೋರಿಸುತ್ತೇವೆ ಬನ್ನಿ ಎಂದು ಜರ್ಮನಿಯ ಟಿಕೆಟ್ ತೆಗೆಸಿದರು. ಕಂಪನಿಯ ಹೆಸರು ಬರೆಯುವುದಿಲ್ಲ. ನಾಳೆ ಮಾಲಿಗೆ ಅವರ ಮುಂದೆಯೇ ನಿಲ್ಲಬೇಕು.

ನಾನು ಹೆಚ್ಚು ಮಾರಿದ್ದು ಒಂದು ಹರಳು ಔಷಧ. ದಪ್ಪ ಮರಳಿನ ಹಾಗಿರುತ್ತದೆ; ಬೇರಿಗೆ ಗಂಟು ಬಿದ್ದರೆ ಮಣ್ಣಿಗೆ ಹಾಕುವಂಥದ್ದು. ಅಷ್ಟು ಮಾರಾಟವಾದದ್ದು ನನ್ನ ಜಾಣತನದಿಂದಲ್ಲ, ಜೋಡಿಯಿಂದ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಮ್ಮ ಕಡೆ ಔಷಧದ ಅಂಗಡಿಯಿಂದ ಪಾಕೀಟು ಒಂಟಿಯಾಗಿ ಹೊರಗೆ ಹೋಗುವುದಿಲ್ಲ. ಹುಳಕ್ಕೆ ಕೇಳಿದವನಿಗೆ ರೋಗದ್ದೊಂದು, ರೋಗಕ್ಕೆ ಕೇಳಿದವನಿಗೆ ಟಾನಿಕ್ಕಿನದೊಂದು. "ಇದರ ಜೋಡಿ ಇದನ್ನ ಹಾಕ್ರಿ, ಜೋರ್ ಬರತೈತಿ" ಎನ್ನುವುದು ನಮ್ಮ ಮಂತ್ರ. ಎಲ್ಲ ತಪ್ಪೂ ನಮ್ಮದೇ ಅಲ್ಲ. ಅಪ್ಪಿತಪ್ಪಿ ಒಂದೇ ಪಾಕೀಟು ಕೊಟ್ಟರೆ ರೈತನೇ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರ ಜೋಡಿ ಏನೂ ಇಲ್ಲೇನ್ರೀ?" ಎಂದು ಪಕ್ಕದ ಅಂಗಡಿಯ ಕಡೆ ಕಣ್ಣು ಹಾಕುತ್ತಾನೆ. ಹರಳು ಔಷಧ ಎಲ್ಲಕ್ಕೂ ಜೋಡಿಯಾಗುತ್ತಿತ್ತು. ಯಾವುದರ ಜೊತೆಗೂ ಜಗಳವಾಡದ ಮಾಲು ಎಂದು ನಾನೇ ಅದಕ್ಕೆ ಸರ್ಟಿಫಿಕೇಟು ಕೊಟ್ಟಿದ್ದೆ.

ಹೊರಡುವ ವಾರ ಅಕ್ಕ ಗಿರಿಜಾ ಗುತ್ತಲದಿಂದ ಬಂದಳು. ಅಲ್ಲಿ ಹೊಳೆಯ ಕಡೆ ಅವಳದು ಎರಡು ಎಕರೆ ಬಾಳೆ. ಅವಳ ಗಂಡ, ಅಂದರೆ ನಮ್ಮ ಮಾವ, ಹಿಟ್ಟಿನ ಗಿರಣಿಯವರು. ತೋಟವೆಲ್ಲ ಅಕ್ಕನ ಕೈಯಲ್ಲೇ. ಎರಡು ವರ್ಷದಿಂದ ಬಾಳೆಯ ದಿಂಡಿನೊಳಗೆ ಹುಳ ಕೊರೆಯುತ್ತಿತ್ತು. ಗೊನೆ ಹೊತ್ತು ನಿಂತ ಗಿಡ ಸಣ್ಣ ಗಾಳಿಗೆ ನಡು ಮುರಿದು ಬೀಳುತ್ತಿತ್ತು. ಕಳೆದ ವರ್ಷ ನಾನೇ ಅವಳಿಗೆ ಒಂದು ಹೊಸ ಪುಡಿ ಕೊಟ್ಟಿದ್ದೆ. ಅದರಲ್ಲಿ ನೆಮಟೋಡ್ ಎಂಬ, ಬರಿಗಣ್ಣಿಗೆ ಕಾಣದ ಜೀವಂತ ಹುಳಗಳು. ನೀರಿಗೆ ಕಲಸಿ ಹಾಕಿದರೆ ಕೊರೆಯುವ ಹುಳದ ಮೈಯೊಳಗೆ ಹೊಕ್ಕು ಎರಡು ಮೂರು ದಿನದಲ್ಲಿ ಅದನ್ನು ಮಲಗಿಸುತ್ತವೆ. ಗಿಡದ ತಂಟೆಗೂ ಬರುವುದಿಲ್ಲ, ನಮ್ಮ ತಂಟೆಗೂ ಬರುವುದಿಲ್ಲ. ಅಕ್ಕ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವಳು. ಮಾಡಿದಳು. ಏನೂ ಆಗಲಿಲ್ಲ. ಮಾವ ತೋಟ ಕಿತ್ತು ಗೋವಿನಜೋಳ ಹಾಕುವ ನಿರ್ಧಾರಕ್ಕೆ ಬಂದಿದ್ದರು.

"ನಿನ್ನ ಪುಡಿ ಸುಳ್ಳೋ, ನನ್ನ ಕೈ ಸುಳ್ಳೋ, ಅಷ್ಟ ಕೇಳಿಕೊಂಡು ಬಾ," ಅಂದಳು. "ದಸರಾ ಮುಗದ ಮರುದಿನ ಟ್ರ್ಯಾಕ್ಟರ್ ಬರತೈತಿ. ನಿಮ್ಮ ಮಾವ ಬೀಜಾನೂ ತಂದಿಟ್ಟಾರ."

"ಯಕ್ಕಾ, ಅಲ್ಲಿ ಸೇಬು ಬೆಳಿತಾರ. ಬಾಳಿ ಅಲ್ಲ."

"ಸೇಬಿನ ಹುಳಕ್ಕ ಬ್ಯಾರೆ ದೇವರ ಅದಾನೇನು? ಹೋಗಿ ಕೇಳು. ನೀ ಬಂದು ಹೂಂ ಅಂದ್ರ ಇಡತೇನಿ, ಉಹೂಂ ಅಂದ್ರ ಕೀಳತೇನಿ."

ಮಂದಿ ಫಾರಿನ್ನಿಗೆ ಹೋಗುವಾಗ ಸೆಂಟು, ಚಾಕಲೇಟು ತರಲು ಹೇಳಿಸಿಕೊಳ್ಳುತ್ತಾರೆ. ನಾನು ಎರಡು ಎಕರೆ ಬಾಳೆಯನ್ನು ತಲೆಯ ಮೇಲೆ ಹೊತ್ತುಕೊಂಡು ಹೊರಟೆ.

ವಿಮಾನ

ನಾನು ಚಿಂತೆ ಮಾಡುವ ಮನುಷ್ಯ. ಐವತ್ತೆರಡು ವರ್ಷದ ಅನುಭವವಿದೆ. ಅಂಗಡಿಗೆ ಕೀಲಿ ಹಾಕಿ ಮನೆ ಮುಟ್ಟಿದ ಮೇಲೆ, ಕೀಲಿ ಬಿದ್ದಿದೆಯೋ ಇಲ್ಲವೋ ನೋಡಲು ಮತ್ತೆ ಹೋಗುತ್ತೇನೆ. ನೋಡಿ ಬಂದ ಮೇಲೆ, ನೋಡಿದ್ದು ಖರೇನೋ ಎಂದು ಚಿಂತೆ ಮಾಡುತ್ತೇನೆ. ವಿಮಾನದಲ್ಲಿ ಪಾಸ್‌ಪೋರ್ಟು ಒಳಕಿಸೆಯಲ್ಲಿ ಇದೆಯೇ ಎಂದು ಎಷ್ಟು ಸಲ ಎದೆ ಮುಟ್ಟಿಕೊಂಡೆನೆಂದರೆ, ಪಕ್ಕದ ಸೀಟಿನ ಬಿಳಿ ಹೆಂಗಸು ಗಗನಸಖಿಯನ್ನು ಕರೆದು ಈ ಮನುಷ್ಯನಿಗೆ ಎದೆನೋವು ಇರುವ ಹಾಗಿದೆ ಎಂದು ಹೇಳಿದಳು. ಅವರು ನೀರು ತಂದರು, ದಿಂಬು ಕೊಟ್ಟರು, ಪ್ರಯಾಣಿಕರಲ್ಲಿ ಡಾಕ್ಟರು ಯಾರಾದರೂ ಇದ್ದಾರೆಯೇ ಎಂದು ಕೇಳಲು ಮೈಕು ಎತ್ತಿಕೊಂಡರು. ಪಾಸ್‌ಪೋರ್ಟು ತೆಗೆದು ತೋರಿಸಿ ಪಾರಾದೆ.

"ಏ ಶೇಖರಪ್ಪ, ಹಿಂಗ ಮುಟ್ಕೊಂತ ಕುಂತ್ರ ವಿಮಾನ ಹೊಳ್ಳಿಸಿ ಬಿಡತಾರ ನೋಡು," ಎಂದು ಹಿಂದಿನ ಸೀಟಿನಿಂದ ಚನ್ನಬಸಪ್ಪ ಹೇಳಿದ. ಇವನು ಬ್ಯಾಡಗಿಯವನು. ನನ್ನಂಥದ್ದೇ ಅಂಗಡಿ, ಜೊತೆಗೆ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಪಾಲು. ಜಗತ್ತಿನ ಎಲ್ಲವನ್ನೂ ಮೆಣಸಿನಕಾಯಿಯ ಪಕ್ಕ ಇಟ್ಟು ನೋಡಿ ಕೆಳಗಿಳಿಸುವುದು ಇವನ ಅಭ್ಯಾಸ. ಮೋಡದ ಮೇಲೆ ಸೂರ್ಯ ಮುಳುಗುವುದನ್ನು ಎಲ್ಲರೂ ಕಿಟಕಿಗೆ ಮೂಗೊತ್ತಿ ನೋಡುತ್ತಿದ್ದರೆ ಇವನು, "ನಮ್ಮ ಡಬ್ಬಿ ಮೆಣಸಿನಕಾಯಿ ಮುಂದ ಇದೇನು ಕೆಂಪು," ಎಂದು ಪರದೆ ಎಳೆದ.

ಹಾವೇರಿಯ ಇಬ್ಬರು ಅಂಗಡಿಯವರೂ ಇದ್ದರು. ಅವರು ಬಂದದ್ದು ಫೋಟೊಕ್ಕೆ. ಅವರ ಬಗ್ಗೆ ಇಷ್ಟು ಸಾಕು. ನಮ್ಮನ್ನೆಲ್ಲ ಮೇಯಿಸಲು ಕಂಪನಿಯ ಮ್ಯಾನೇಜರ್ ನಿತಿನ್, ಬೆಂಗಳೂರಿನವನು. ಅವನ ಬಾಯಲ್ಲಿ ಪ್ರತಿ ಮಾತೂ 'ಸರ್' ಎಂದು ಶುರುವಾಗಿ 'ಟೈಮಿಲ್ಲ' ಎಂದು ಮುಗಿಯುತ್ತಿತ್ತು.

ಇಳಿದ ಕೂಡಲೇ ಕಸ್ಟಮ್ಸಿನವನು ಚನ್ನಬಸಪ್ಪನ ಚೀಲ ತೆಗೆಸಿದ. ಆತಿಥೇಯರಿಗೆ ಹಾಕಲೆಂದು ಅವನು ಹಾವೇರಿಯ ಏಲಕ್ಕಿ ಹಾರ ತಂದಿದ್ದ. ಅಧಿಕಾರಿ ಅದನ್ನು ಮೇಜಿನ ಉದ್ದಕ್ಕೂ ಬಿಚ್ಚಿ, ಒಂದು ಏಲಕ್ಕಿ ಒತ್ತಿ ನೋಡಿ, ಇದು ತಿನ್ನುವುದೋ ಹಾಕಿಕೊಳ್ಳುವುದೋ ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಬೋತ್," ಎಂದ ಚನ್ನಬಸಪ್ಪ.

ಅಧಿಕಾರಿ ಫಾರಂ ತಿರುಗಿಸಿ ನೋಡಿದ. ಈ ಉತ್ತರ ಬರೆಯಲು ಅವನ ಫಾರಂನಲ್ಲಿ ಜಾಗವಿರಲಿಲ್ಲ ಎಂದು ಕಾಣುತ್ತದೆ. ಕೊನೆಗೆ ಕೈಬೀಸಿ ಕಳಿಸಿದ. ನನ್ನ ಚೀಲವನ್ನು ಯಾರೂ ತೆಗೆಸಲಿಲ್ಲ. ಯಾಕೆ ತೆಗೆಸಲಿಲ್ಲ ಎಂದು ಹೋಟೆಲು ಮುಟ್ಟುವತನಕ ಚಿಂತೆಯಾಯಿತು.

ಸರೋವರದ ದಂಡೆ

ಬೋಡನ್‌ಸೇ ಎಂಬ ದೊಡ್ಡ ಸರೋವರ. ಆಚೆ ದಂಡೆಗೆ ಸ್ವಿಟ್ಜರ್ಲೆಂಡ್, ಈಚೆ ದಂಡೆಗೆ ಸೇಬಿನ ತೋಟಗಳು. ನಾವೆಲ್ಲ ಗಿಡ ಎಂದರೆ ತನ್ನಿಷ್ಟಕ್ಕೆ ಕೈಕಾಲು ಚಾಚಿದ್ದು ಎಂದುಕೊಂಡವರು. ಇಲ್ಲಿಯ ಸೇಬು ಪ್ರಾರ್ಥನೆಗೆ ನಿಂತ ಶಾಲೆಯ ಮಕ್ಕಳ ಹಾಗೆ ಸಾಲಿನಲ್ಲಿ, ತಂತಿಗೆ ಕಟ್ಟಿಸಿಕೊಂಡು, ಮೇಲೆ ಆಲಿಕಲ್ಲಿನ ಬಲೆ ಹೊದ್ದು ನಿಂತಿರುತ್ತದೆ. ಮಂದಿಯೂ ಹಾಗೇ. ಎದುರಿಗೆ ಸಿಕ್ಕವರೆಲ್ಲ ದೇವರ ಹೆಸರಿನಲ್ಲಿ ಒಂದು ನಮಸ್ಕಾರ ಎಸೆದು ಹೋಗುತ್ತಾರೆ. ಉಂಡೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಕೇಳದಿರುವುದೇ ವಾಸಿ, ಯಾಕೆಂದರೆ ಅವರ ರಾತ್ರಿಯ ಊಟ ತಣ್ಣನೆಯ ಬ್ರೆಡ್ಡು. ನಮ್ಮಲ್ಲಿ ಮನೆಯಲ್ಲಿ ಯಾರಾದರೂ ಸತ್ತರೆ ಒಲೆ ಹಚ್ಚುವುದಿಲ್ಲ. ಇವರು ದಿನವೂ ಹಚ್ಚುವುದಿಲ್ಲ.

ನೀರಿನ ಖಾಲಿ ಬಾಟಲಿಯನ್ನು ಅಂಗಡಿಯ ಮಷೀನಿನ ಬಾಯಿಗೆ ಕೊಟ್ಟರೆ ಅದು ನುಂಗಿ ಚೀಟಿ ಕೊಡುತ್ತದೆ. ನಾನು ನಾಲ್ಕು ಬಾಟಲಿ ಒಯ್ದೆ. ನಾಲ್ಕನ್ನೂ ಉಗುಳಿತು. ನಮ್ಮ ಕಡೆ ಬಾಟಲಿ ಕುಡಿದ ಕೂಡಲೇ ತಿರುಚಿ ಚಪ್ಪಟೆ ಮಾಡುತ್ತೇವೆ, ಇಲ್ಲದಿದ್ದರೆ ಯಾರೋ ಅದಕ್ಕೆ ನಲ್ಲಿ ನೀರು ತುಂಬಿ ಮತ್ತೆ ಮಾರುತ್ತಾರೆ. ಇಲ್ಲಿ ತಿರುಚಿದ ಬಾಟಲಿಗೆ ಮರ್ಯಾದೆ ಇಲ್ಲ. ಹಿಂದೆ ನಿಂತಿದ್ದ ಅಜ್ಜಿ ನನ್ನ ಕೈಯಿಂದ ಬಾಟಲಿ ಕಸಿದು, ಬಾಯಿಗಿಟ್ಟು ಊದಿ ಊದಿ ನೆಟ್ಟಗೆ ಮಾಡಿ ಕೊಟ್ಟಳು. ಎಂಜಲು ಎಂಬ ಮಾತು ಜರ್ಮನ್ ಭಾಷೆಯಲ್ಲಿ ಇಲ್ಲ ಎಂದು ಅಲ್ಲೇ ಗೊತ್ತಾಯಿತು.

ನಮಗೆ ತೋರಿಸಬೇಕಾದ ತೋಟದವನ ಹೆಸರು ಯೋಸೆಫ್. ಅರವತ್ತು ದಾಟಿದ, ತಾಳೆಮರದಂಥ ಮನುಷ್ಯ. ಚನ್ನಬಸಪ್ಪ ಏಲಕ್ಕಿ ಹಾರ ಹಾಕಲು ಹೋದರೆ ಕುತ್ತಿಗೆ ನಿಲುಕಲಿಲ್ಲ. ಆತ ಬಗ್ಗಿ ಹಾಕಿಸಿಕೊಂಡು, ಮೂಸಿ, ಇದರಿಂದ ಯಾವ ಕೀಟ ಓಡುತ್ತದೆ ಎಂದು ಕೇಳಿದ. ಮಂತ್ರಿಗಳಿಗೆ ಹಾಕುತ್ತೇವೆ ಎಂದು ನಿತಿನ್ ಹೇಳಿದ. ಆತ ಅರ್ಥವಾದವನಂತೆ ತಲೆಯಾಡಿಸಿದ.

ಯೋಸೆಫ್ ವಿಷಯ ಹೇಳಿದ್ದು ಹೀಗೆ. ಸೇಬಿನೊಳಗೆ ಕೊರೆದು ತಿನ್ನುವ ಹುಳ ಈ ಹೊತ್ತಿಗೆ ಹಣ್ಣು ಬಿಟ್ಟು ಕೆಳಗಿಳಿದು, ಕಾಂಡದ ತೊಗಟೆಯ ಸಂದಿನಲ್ಲಿ ಗೂಡು ಕಟ್ಟಿಕೊಂಡು ಚಳಿಗಾಲ ಕಳೆಯುತ್ತದೆ. ಅಲ್ಲಿಯೇ ಅದನ್ನು ಹಿಡಿಯಬೇಕು. ನೆಮಟೋಡುಗಳನ್ನು ನೀರಿನಲ್ಲಿ ಕಲಸಿ ಕಾಂಡಕ್ಕೆ ಹೊಡೆಯುತ್ತಾನೆ. ಆದರೆ ಅವು ಈಜಿ ಹೋಗಿ ಹುಳವನ್ನು ಮುಟ್ಟಬೇಕಾದರೆ ತೊಗಟೆ ಗಂಟೆಗಟ್ಟಲೆ ತೋಯ್ದಿರಬೇಕು. ಹಾಗಾಗಿ ಮಳೆ ಬರುವಾಗಲೇ ಹೊಡೆಯಬೇಕು. ಇಂದು ಮಳೆ ಇಲ್ಲ. ಇಂದು ಹೊಡೆಯುವುದಿಲ್ಲ.

ಚನ್ನಬಸಪ್ಪನಿಗೆ ಸಿಡಿಲು ಬಡಿದ ಹಾಗಾಯಿತು. "ಮಳ್ಯಾಗ ಹೊಡಿತಾನಂತ! ಶೇಖರಪ್ಪ, ಇಂಥಾವ್ರು ನಾಕ್ ಮಂದಿ ನಮ್ಮ ಕಡೆ ಹುಟ್ಟಿದ್ರ ನಮ್ಮ ಅಂಗಡಿ ಬಾಗಲಾ ಹಾಕಬೇಕಾಕ್ಕಿತ್ತು."

ಅವನ ಸಂಕಟ ನನಗೆ ಅರ್ಥವಾಯಿತು. ನಮ್ಮ ರೈತ ಔಷಧ ಹೊಡೆದು ಮನೆಗೆ ಬರುವಷ್ಟರಲ್ಲಿ ಮಳೆ ಬಂದರೆ ಎಲ್ಲ ತೊಳೆದುಹೋಗುತ್ತದೆ. ಮರುದಿನ ಮತ್ತೆ ನಮ್ಮ ಅಂಗಡಿಗೇ ಬರುತ್ತಾನೆ. ಅಂಥ ಮಳೆಯನ್ನು ನೋಡಿ ನಾವು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಅವನಿಗೆ "ಅಯ್ಯೋ" ಅನ್ನುತ್ತೇವೆ. ಬಾಯಿ ಮಾತ್ರ ಅನ್ನುತ್ತದೆ.

ನಿತಿನ್ ಗಡಿಯಾರ ನೋಡಿದ. "ಸರ್, ಡೆಮೊ ಇವತ್ತೇ ಇದೆ ಸರ್. ಸುಮ್ನೆ ನೀರು ಹೊಡೆದು ತೋರಿಸ್ಲಿ, ಫೋಟೊ ತಗೊಂಡು ಹೊರಡೋಣ. ಟೈಮಿಲ್ಲ."

ಯೋಸೆಫ್ ಒಪ್ಪಲಿಲ್ಲ. ಹಾವೇರಿಯವರು ಖಾಲಿ ಪಂಪು ಹಿಡಿದು ಫೋಟೊ ತೆಗೆಸಿಕೊಂಡರು; ಆ ಫೋಟೊ ಈಗ ಅವರ ಅಂಗಡಿಯ ಗೋಡೆಯ ಮೇಲಿದೆ. ನಾನು ಯೋಸೆಫ್‌ನ ಪಕ್ಕ ನಿಂತು ಆಕಾಶ ನೋಡಿದೆ. ಅವನ ಫೋನಿನಲ್ಲಿ ಹವಾಮಾನ ಹೇಳುವ ಮೂರು ಆ್ಯಪುಗಳಿದ್ದವು. ಮೂರೂ ಮೂರು ಹೇಳುತ್ತಿದ್ದವು. ಅವನು ಮೂರನ್ನೂ ನೋಡಿ, ನಂಬದೆ, ಪಕ್ಕದ ತೋಟದವನಿಗೆ ಫೋನು ಮಾಡಿ ಕೇಳಿ, ಅವನನ್ನೂ ನಂಬದೆ, ಮತ್ತೆ ಮೊದಲನೇ ಆ್ಯಪು ತೆಗೆದ. ಇಡೀ ಯುರೋಪಿನಲ್ಲಿ ನನ್ನ ಸ್ವಂತ ಅಣ್ಣನಂತೆ ಕಂಡವನು ಇವನೊಬ್ಬನೇ.

ಹುಳದ ಡೇರಿ

ಮರುದಿನ ಬಸ್ಸಿನಲ್ಲಿ ಎರಡು ತಾಸು ದೂರದ ಕಾರ್ಖಾನೆಗೆ. ನೆಮಟೋಡ್ ಬೆಳೆಸುವುದೆಂದರೆ ಏನೋ ಗಲೀಜು ಕೆಲಸ ಎಂದುಕೊಂಡು ನಾನು ಮೂಗಿಗೆ ಕರವಸ್ತ್ರ ತಯಾರು ಇಟ್ಟುಕೊಂಡಿದ್ದೆ. ಒಳಗೆ ಹೋದರೆ ಹಾಲಿನ ಡೇರಿಯ ಹಾಗೆ ಆಳೆತ್ತರದ ಸ್ಟೀಲಿನ ಡ್ರಮ್ಮುಗಳು, ಪೈಪು, ಗಡಿಯಾರದಂಥ ಮುಳ್ಳುಗಳು. ಗಲೀಜು ಎಂದರೆ ನಾವೇ; ನಮ್ಮ ಬೂಟಿಗೆ ಚೀಲ, ತಲೆಗೆ ಚೀಲ, ಚನ್ನಬಸಪ್ಪನ ಮೀಸೆಗೂ ಒಂದು ಚೀಲ ತೊಡಿಸಿಯೇ ಒಳಗೆ ಬಿಟ್ಟರು.

ಆನ್ನಾ ಎಂಬ ಹೆಣ್ಣುಮಗಳು ಅಲ್ಲಿಯ ಪರೀಕ್ಷೆಯ ಮೇಜಿನವಳು. ತಯಾರಾದ ಪ್ರತಿ ಕಂತಿನ ಪುಡಿಯಿಂದ ಒಂದು ಚಿಟಿಕೆ ತೆಗೆದು, ನೀರಿಗೆ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಬದುಕಿದ್ದಾವೋ ಸತ್ತಿದ್ದಾವೋ ಬರೆಯುವುದು ಅವಳ ಕೆಲಸ. ನನ್ನನ್ನೂ ನೋಡಲು ಕೂರಿಸಿದಳು. ಕಣ್ಣಿಟ್ಟೆ. ದಾರದ ತುಂಡಿನಂಥವು ಸಾವಿರಾರು, ಒಂದರ ಮೈಮೇಲೊಂದು ಹೊರಳಾಡುತ್ತಿದ್ದವು. ಅವಳು ಇನ್ನೊಂದು ಗಾಜು ಇಟ್ಟಳು. ಇದರಲ್ಲಿ ಎಲ್ಲ ದಾರಗಳೂ ನೆಟ್ಟಗೆ, ಕಡ್ಡಿಯ ಹಾಗೆ ಬಿದ್ದಿದ್ದವು. ಒಂದೂ ಅಲುಗಲಿಲ್ಲ. ಬೇಸಿಗೆಯಲ್ಲಿ ಒಂದು ದಿನ ಕಾರಿನೊಳಗೆ ಮರೆತ ಪಾಕೀಟು ಎಂದು ಹೇಳಿದಳು.

ಒಂದು ದಿನ!

ಅಕ್ಕನಿಗೆ ಕೊಟ್ಟ ಪುಡಿಯ ಬಾಕ್ಸು ನನ್ನ ಗೋದಾಮಿನ ಮೇಲಿನ ಹಲಗೆಯ ಮೇಲೆ, ತಗಡಿನ ಶೀಟಿಗೆ ಒಂದು ಮೊಳ ಕೆಳಗೆ, ಏಪ್ರಿಲ್ಲು ಮೇ ಎರಡೂ ತಿಂಗಳು ಕೂತಿತ್ತು. ಮಾಲು ತಂದವನು ತಂಪಿನಲ್ಲಿಡಿ ಎಂದು ಹೇಳಿಯೇ ಹೋಗಿದ್ದ. ತಂಪು ಎಂದರೆ ನಾನು ನೆರಳು ಎಂದು ತಿಳಿದೆ. ಔಷಧಕ್ಕೆ ಫ್ರಿಜ್ಜು ಯಾರಾದರೂ ಇಡುತ್ತಾರೆಯೇ? ಫ್ರಿಜ್ಜಿನಲ್ಲಿ ಹಾಲು, ಕೊತ್ತಂಬರಿ ಇಡುತ್ತಾರೆ.

ಆದರೂ ಮನಸ್ಸು ಒಂದು ಸಂದಿ ಹುಡುಕಿತು: ಎಲ್ಲವೂ ಸತ್ತಿರಲಿಕ್ಕಿಲ್ಲ, ನಡುವಿನ ಪಾಕೀಟಿನಲ್ಲಿ ಅರ್ಧ ಉಳಿದಿರಬಹುದು, ಹಾಗಾದರೆ ಅಕ್ಕನ ತೋಟದಲ್ಲಿ ಯಾಕೆ ಒಂದಿಷ್ಟೂ ಗುಣ ಕಾಣಲಿಲ್ಲ? ಅವಳಿಗೆ ಪುಡಿಯ ಜೋಡಿ ಹರಳನ್ನೂ ಕೊಟ್ಟದ್ದು ನೆನಪಾಯಿತು. ಧೈರ್ಯ ಮಾಡಿ ನಿತಿನ್‌ಗೆ ಹೇಳಿದೆ: "ಇವರನ್ನ ಒಂದು ಮಾತು ಕೇಳು. ಪುಡಿ ಹಾಕೂ ದಿನಾನ ಬುಡಕ್ಕ ನಮ್ಮ ಹರಳು ಔಷಧಾನೂ ಜೋಡಿ ಹಾಕಿದ್ರ ಏನರ ಆಗತೈತೇನು?"

ನಿತಿನ್ ದನಿ ತಗ್ಗಿಸಿದ. "ಸರ್, ಅದು ನಮ್ಮ ಪ್ರಾಡಕ್ಟು ಸರ್. ಇಲ್ಲಿ ಯಾಕೆ ಅದೆಲ್ಲ? ಟೈಮೂ ಇಲ್ಲ."

"ಕೇಳಪಾ. ನನಗ ಬೇಕಾಗೈತಿ."

ಅವನು ಕೇಳಲಿಲ್ಲ. ಗೋಡೆಯ ಮೇಲಿನ ಚಿತ್ರ ನೋಡತೊಡಗಿದ. ಆಗ ಚನ್ನಬಸಪ್ಪ ಮೀಸೆಯ ಚೀಲ ಕೆಳಗೆಳೆದು, ಆಂಧ್ರದ ಖರೀದಿದಾರರ ಜೊತೆ ಮೆಣಸಿನಕಾಯಿ ವ್ಯಾಪಾರ ಮಾಡುವ ಇಂಗ್ಲಿಷಿನಲ್ಲಿ ಆನ್ನಾಗೆ ಎಲ್ಲ ಹೇಳಿದ. ಹರಳಿನ ಹೆಸರು ಹೇಳಿದ. ಅದರೊಳಗಿನ ವಿಷದ ಹೆಸರನ್ನೂ ಹೇಳಿದ. ಅವಳು ಪೆನ್ನು ಕೆಳಗಿಟ್ಟಳು.

"ಬೇರಿಗೆ ಗಂಟು ಕಟ್ಟಿಸುವವೂ ಇದೇ ಜಾತಿಯ ಹುಳಗಳು," ಎಂದು ನಿಧಾನವಾಗಿ, ದಡ್ಡ ವಿದ್ಯಾರ್ಥಿಗೆ ಹೇಳುವ ಹಾಗೆ ಹೇಳಿದಳು. "ಅವು ಕೆಟ್ಟವು, ಇವು ಒಳ್ಳೆಯವು. ಆ ವಿಷ ಒಳ್ಳೆಯವು ಕೆಟ್ಟವು ನೋಡುವುದಿಲ್ಲ. ಮಣ್ಣಿನಲ್ಲಿ ಇಂಥವನ್ನು ಕೊಲ್ಲಲೆಂದೇ ಅದನ್ನು ಮಾಡಿದ್ದಾರೆ. ನೀವು ಎರಡನ್ನೂ ಒಂದೇ ದಿನ ಹಾಕಿದಿರಾ?"

"ಸೇಮ್ ಡೇ," ಎಂದ ಚನ್ನಬಸಪ್ಪ ನನ್ನನ್ನು ಕೇಳಿಕೊಂಡು. "ಮಾರ್ನಿಂಗ್ ದಿಸ್, ಈವನಿಂಗ್ ದ್ಯಾಟ್."

ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ತನ್ನ ವಹಿಯಲ್ಲಿ ಏನೋ ಬರೆದುಕೊಂಡಳು. ಜಗತ್ತಿನಲ್ಲಿ ಹೀಗೂ ಮಾಡುವವರಿದ್ದಾರೆ ಎಂದು ಬರೆದಿರಬೇಕು.

ಮಧ್ಯಾಹ್ನದ ಊಟದಲ್ಲಿ ನಿತಿನ್ ಜೈವಿಕ ಕೃಷಿಯ ಭವಿಷ್ಯದ ಬಗ್ಗೆ ಮಾತಾಡಿದ. ಆ ಹರಳನ್ನು ಎಲ್ಲರಿಗಿಂತ ಹೆಚ್ಚು ಮಾರಿದ್ದಕ್ಕೆ ನನಗೊಂದು ಹಿತ್ತಾಳೆಯ ಫಲಕ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ನಿಂತು ಕೈಮುಗಿದೆ. ಫೋಟೊದಲ್ಲಿ ನನ್ನ ಮುಖ ಚಪ್ಪಟೆ ಮಾಡಿದ ಬಾಟಲಿಯ ಹಾಗೆ ಬಂದಿದೆ.

ಮಳೆ ಬಂದ ದಿನ

ನಾಲ್ಕನೇ ದಿನ ಮಧ್ಯಾಹ್ನ ಮೋಡ ಕವಿಯಿತು. ಯೋಸೆಫ್ ಹೋಟೆಲಿಗೆ ಫೋನು ಮಾಡಿದ. ಉಳಿದವರು ಸೂಟ್‌ಕೇಸು ಕೊಳ್ಳಲು ಹೋಗಿದ್ದರು. ತಂದಿದ್ದ ಸೂಟ್‌ಕೇಸಿನಲ್ಲಿ ಕೊಂಡ ಸಾಮಾನು ಹಿಡಿಯುತ್ತಿರಲಿಲ್ಲ. ನಾನು ಮತ್ತು ಚನ್ನಬಸಪ್ಪ ಹೋದೆವು. ಅವನು ಬಂದದ್ದು ಕಲಿಯಲಿಕ್ಕಲ್ಲ, ಮಳೆಯಲ್ಲಿ ಔಷಧ ಹೊಡೆಯುವ ಮನುಷ್ಯನ ವಿಡಿಯೊ ತೆಗೆದು ಬ್ಯಾಡಗಿಯ ಗ್ರೂಪಿಗೆ ಹಾಕಲಿಕ್ಕೆ.

ಯೋಸೆಫ್ ಮನೆಯ ಫ್ರಿಜ್ಜಿನಿಂದ, ಬೆಣ್ಣೆಯ ಪಕ್ಕದಿಂದ, ಪಾಕೀಟುಗಳನ್ನು ತೆಗೆದ. ಒಂದರಿಂದ ಚೂರು ತೆಗೆದು ಬಟ್ಟಲಿನ ನೀರಿ‌ನಲ್ಲಿ ಬಿಟ್ಟು, ಭೂತಕನ್ನಡಿಯಲ್ಲಿ ಬಗ್ಗಿ ನೋಡಿದ. ನನಗೂ ತೋರಿಸಿದ. ಅಲುಗುತ್ತಿದ್ದವು. ಪಂಪಿನ ಒಳಗಿನ ಸಣ್ಣ ಜರಡಿಯನ್ನು ಬಿಚ್ಚಿ ಪಕ್ಕಕ್ಕಿಟ್ಟ. ಇದ್ದರೆ ಅವು ಅದರಲ್ಲೇ ಸಿಕ್ಕಿ ಸಾಯುತ್ತವಂತೆ. ಇಷ್ಟೆಲ್ಲ ಮಾಡುವಷ್ಟರಲ್ಲಿ ಮಳೆ ನಿಂತುಬಿಟ್ಟಿತು.

ಅವನು ಅಂಗಳಕ್ಕೆ ಬಂದು ಆಕಾಶಕ್ಕೆ ಏನೋ ಬೈದ. ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯಿತು. ನನಗೂ ತಡೆಯಲಾಗದೆ ಕನ್ನಡದಲ್ಲಿ ನಾಲ್ಕು ಬೈದೆ. ಚನ್ನಬಸಪ್ಪ ಮೊಬೈಲು ಹಿಡಿದು, "ಮಳಿ ಬರಲಿಲ್ಲಂತ ಬೈಯೂ ಔಷಧದ ಅಂಗಡಿಯಾವ್ ಇವನೊಬ್ಬನ ನೋಡ್ರಿ," ಎಂದು ನನ್ನನ್ನೇ ತೆಗೆಯತೊಡಗಿದ.

ಅರ್ಧ ತಾಸಿನ ಮೇಲೆ ಸರಿಯಾಗಿ ಸುರಿಯಿತು. ಯೋಸೆಫ್ ಟ್ರ್ಯಾಕ್ಟರ್ ಏರಿದ. ಸಾಲು ಮುಗಿಯುವ ಕಡೆ ಯಂತ್ರ ತಿರುಗದ ಮೂಲೆಯ ಗಿಡಗಳಿಗೆ ನನ್ನ ಕೈಗೆ ಒಂದು ಕೈಪಂಪು ಕೊಟ್ಟ. ತಲೆಯ ಮೇಲಿಂದ ನೀರು, ಕೈಯಿಂದ ನೀರು. ತೋಯುತ್ತಾ ನಿಂತು ಕಾಂಡದ ಮೇಲಿಂದ ಕೆಳಗೆ ಹೊಡೆದೆ. ಮೂವತ್ತು ವರ್ಷದಿಂದ ಮಾರಿದ್ದೇನೆ. ಒಂದು ಗಿಡಕ್ಕೆ ನನ್ನ ಕೈಯಾರೆ ಹೊಡೆದದ್ದು ಅದೇ ಮೊದಲು.

ನಿಮೋನಿಯಾ ಬರುತ್ತದೆ ಎಂದು ಆ ಸಂಜೆಯೆಲ್ಲ ಚಿಂತೆ ಮಾಡಿದೆ. ಬಂದದ್ದು ಬರೀ ನೆಗಡಿ.

ಗುತ್ತಲ

ದಸರಾದ ಹಿಂದಿನ ದಿನ ಬೆಂಗಳೂರಿನಿಂದ ರೈಲಿನಲ್ಲಿ ಬಂದೆ. ರಾಣೆಬೆನ್ನೂರು ನಿಲ್ದಾಣ ಬಂತು. ಇಳಿಯಲಿಲ್ಲ. ಇಳಿದರೆ ಅಂಗಡಿ, ಅಂಗಡಿಯಿಂದ ಮನೆ, ಮನೆಯಲ್ಲಿ ಹಬ್ಬ, ಹಬ್ಬದ ಮರುದಿನ ಟ್ರ್ಯಾಕ್ಟರ್. ನನ್ನ ಬಗ್ಗೆ ನನಗೆ ಗೊತ್ತಿದೆ. ಹಾವೇರಿಗೆ ಹೋಗಿ ಇಳಿದು, ಗುತ್ತಲದ ಬಸ್ಸು ಹಿಡಿದೆ.

ಅಕ್ಕ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಮಾವ ಕಟ್ಟೆಯ ಮೇಲಿದ್ದರು. ಬ್ಯಾಗು ಇಳಿಸುವ ಮೊದಲೇ ಹೇಳಿದೆ. ಕುಂತ ಮೇಲೆ ಹೇಳಿದರೆ ಅರ್ಧ ಹೇಳುತ್ತೇನೆ.

"ಯಕ್ಕಾ, ಪುಡಿ ಸುಳ್ಳಲ್ಲ. ನಿನ್ನ ಕೈನೂ ಸುಳ್ಳಲ್ಲ. ನಾನ ಬ್ಯಾಸಿಗ್ಯಾಗ ತಗಡಿನ ಬುಡಕ ಇಟ್ಟು ಅರ್ಧಾ ಕೊಂದೆ. ಉಳದದ್ದನ್ನ ಜೋಡಿ ಕೊಟ್ಟ ಹರಳು ಕೊಂತು. ಆ ಹರಳು ಮಾರಿದ್ದಕ್ಕ ನನ್ನ ಜರ್ಮನಿಗೆ ಕಳಿಸಿದ್ರು."

ಅಕ್ಕ ಪಾತ್ರೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. ಮಾವ ಮಾತ್ರ ಕೆಮ್ಮಿದರು.

"ಹೂಂ," ಎಂದಳು. "ನಾ ಹುಚ್ಚಿ ಹಂಗ ಮುಂಜಾನೆ ಹುಳಾ ಬಿಟ್ಟು ಸಂಜೀಕ ಅದರ ಬಾಯಾಗ ಮಣ್ಣ ಹಾಕಿದ್ನಿ. ಅದೂ ತಮ್ಮ ಕೊಟ್ಟಾನಂತ ನಂಬಿ. ಒಂದ ಗಿಡದ ಬುಡಾನೂ ಬಿಟ್ಟಿದ್ದಿಲ್ಲ."

"ತಪ್ಪಾತು."

"ತಪ್ಪಾತು ಅನ್ನಾಕ ಅಷ್ಟ ದೂರ ಹೋಗಬೇಕಾಗಿತ್ತೇನು? ಈ ಜೋಡಿ ಇನ್ನ ಯಾರ್ಯಾರಿಗೆ ಕೊಟ್ಟೀದಿ?"

"ಒಂಬತ್ತು ಮಂದಿಗೆ."

"ಅವರೂ ಕೀಳಾಕತ್ತಾರೇನು?"

"ಗೊತ್ತಿಲ್ಲ."

"ಹೋಗಿ ಕೇಳು."

ಮಾವ ಮೆಲ್ಲಗೆ, "ಹಂಗಾರ ಟ್ರ್ಯಾಕ್ಟರ್ ಹೆಂಗ ಮಾಡೂದು?" ಎಂದರು.

"ಬರ್ಲಿ ಬಿಡ್ರಿ. ಬಿದ್ದ ದಿಂಡು ಅಷ್ಟೂ ಹೊತ್ತು ಹೊರಗ ಹಾಕ್ಲಿ. ನಿಂತದ್ದನ್ನ ಯಾರೂ ಮುಟ್ಟೂದು ಬ್ಯಾಡ." ಆಮೇಲೆ ನನ್ನ ಕಡೆ ತಿರುಗಿ, "ಚಲೋ ಪುಡಿ ತರಸು. ಈ ಸಲ ನೀನ ಬಂದು ಹಾಕಬೇಕು," ಅಂದಳು.

ಒಂಬತ್ತು ಮನೆಗಳಿಗೆ ಹೋದೆ. ಈ ಪ್ರವಾಸಕ್ಕೆ ಯಾರೂ ಟಿಕೆಟ್ ತೆಗೆಸಿ ಕೊಡಲಿಲ್ಲ. ಕೆಲವರು ಬೈದರು, ಅದು ಹಗುರ. ಕೆಲವರಿಗೆ ನಾನು ಹೇಳಿದ್ದೇ ನಂಬಿಕೆಯಾಗಲಿಲ್ಲ. ಔಷಧದ ಅಂಗಡಿಯವನು ತಾನಾಗಿ ಬಂದು ತಪ್ಪು ಹೇಳುತ್ತಿದ್ದಾನೆ ಎಂದರೆ ಹೊಸದೇನೋ ಮಾರಲು ಬಂದಿದ್ದಾನೆ ಎಂದು ಲೆಕ್ಕ ಹಾಕಿದರು. ಒಬ್ಬರು ಕೇಳಿಯೂ ಬಿಟ್ಟರು: "ಆತು, ಅದರ ಜೋಡಿ ಈಗ ಏನು ಹಾಕಬೇಕು ಹೇಳ್ರಿ." ಹಲಗೇರಿಯ ಒಬ್ಬರದು ಪೇರಲ ತೋಟ, ಬೇರು ತಿನ್ನುವ ಗೊಣ್ಣೆಹುಳಕ್ಕೆ ಪುಡಿ ಒಯ್ದಿದ್ದರು. ಅವರು ಬೇಸಿಗೆಯಲ್ಲೇ ತೋಟ ಕಿತ್ತುಹಾಕಿದ್ದರು. ಕೊಂಬೆಗಳನ್ನು ಉರುವಲಿಗೆ ಅಂಗಳದಲ್ಲಿ ಒಟ್ಟಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, "ಬರ್ರಿ, ಚಾ ಕುಡಿದು ಹೋಗ್ರಿ," ಎಂದರು. ಅದೇ ಕಟ್ಟಿಗೆಯ ಒಲೆಯ ಮೇಲೆ ಕಾದ ಚಹಾ. ಕುಡಿದೆ.

ಹೊಸ ಪುಡಿ ಬೆಂಗಳೂರಿನಿಂದ ಐಸು ತುಂಬಿದ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಬಂತು. ಬಂದ ದಿನ ಬಿಸಿಲು ಚುರುಗುಡುತ್ತಿತ್ತು. ಮೋಡ ಆಗುವತನಕ ನಮ್ಮ ಮನೆಯ ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಇಟ್ಟೆ; ಹೆಂಡತಿ ಎರಡು ದಿನ ಹಾಲು ಮುಟ್ಟಲಿಲ್ಲ. ಮೂರನೇ ದಿನ ಸಂಜೆ ಗುತ್ತಲದ ಕಡೆ ಜಿಟಿಜಿಟಿ ಮಳೆ ಹತ್ತಿದೆ ಎಂದು ಅಕ್ಕನ ಫೋನು ಬಂತು. ಅಂಗಡಿಯಲ್ಲಿ ರೈತರಿಗೆ ಬಾಡಿಗೆಗೆ ಕೊಡುವ ಬೆನ್ನುಪಂಪು ಸ್ಕೂಟರಿಗೆ ಕಟ್ಟಿಕೊಂಡು ಹೊರಟೆ.

ಅಕ್ಕ ತೋಟದ ಬಾಯಲ್ಲಿ ಸೆರಗು ತಲೆಗೆ ಹೊದ್ದು ನಿಂತಿದ್ದಳು. ಅವಳ ಹಿಂದೆ ಬಾಳೆ, ನಡುನಡುವೆ ಮುರಿದ ಗಿಡ ತೆಗೆದ ಖಾಲಿ ಜಾಗ. ನಾನು ಪುಡಿಯ ಪಾಕೀಟು ಹರಿಯಲು ಹೋದೆ.

"ತಡಿ," ಎಂದು ಪಂಪಿನ ಮುಚ್ಚಳ ತೆಗೆದು ಒಳಗೆ ಮೂಗಿಟ್ಟಳು. "ಏನ ಹೊಡೆದಿದ್ರು ಇದರಾಗ?"

"ಏನೇನೋ. ಎಲ್ಲಾನೂ."

ಬಾವಿಯ ಕಟ್ಟೆಯ ಮೇಲೆ ಕೂತು ತೊಳೆದೆ. ನೀರು ಬೆಳ್ಳಗೆ ಹೊರಬಂತು. ಅವಳು ಮೂಸಿದಳು. ಸೋಪಿನ ಪುಡಿ ಹಾಕಿ ತೊಳೆದೆ, ನಳಿಗೆ ಬಿಚ್ಚಿ ತೊಳೆದೆ. ಮತ್ತೆ ಮೂಸಿದಳು. ಮಳೆ ನಿಂತರೆ ಹೇಗೆ ಎಂಬ ಚಿಂತೆ ನನಗೆ. ನನ್ನ ಮೂಗಿಗೆ ಯಾವ ವಾಸನೆಯೂ ಬರುತ್ತಿರಲಿಲ್ಲ. ಮೂವತ್ತು ವರ್ಷ ಆ ಅಂಗಡಿಯಲ್ಲಿ ಕೂತ ಮೂಗು. ನಾಲ್ಕನೇ ಸಲ ತುಂಬಿ, ಅಲುಗಾಡಿಸಿ, ಚೆಲ್ಲಿ, ಅವಳ ಮುಂದೆ ಹಿಡಿದೆ.

"ಈಗ ಏನೂ ಇಲ್ಲ ಯಕ್ಕಾ."

ಅವಳು ಬಗ್ಗಿ, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದುಕೊಂಡಳು.

"ಐತಿ," ಅಂದಳು. "ಇನ್ನೊಮ್ಮೆ ತೊಳಿ."